ವಯಸ್ಸಾದವರ ಬಿಳಿ ರಕ್ತಕಣಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಒಂದು ಲ್ಯಾಬಿನಲ್ಲಿ ರಕ್ತದ ಸ್ಲೈಡ್ ನೋಡುವುದು ನನ್ನ ಕೆಲಸ. ಮಂಡ್ಯ, ಮದ್ದೂರು, ಪಾಂಡವಪುರ, ಟಿ. ನರಸೀಪುರದ ಕಡೆಯಿಂದಲೂ ಸ್ಯಾಂಪಲ್ ಬರುತ್ತವೆ. ರಿಪೋರ್ಟ್ ತೆಗೆದುಕೊಳ್ಳಲು ಬಂದವರು ಕೌಂಟರ್ ಹತ್ತಿರ ನಿಂತು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಮನೆಯ ಹಿರಿಯರ ಬಗ್ಗೆಯೇ. ನಿಂತ ನಿಲುವಿನಲ್ಲಿ ಹೇಳಿ ಮುಗಿಸಲಾಗದ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ. ಯಾರಿಗೆ ಯಾವ ಔಷಧಿ ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು.

ಅಪ್ಪನಿಗೆ 78. ಟಿಸಿ 7,200 ಬಂದಿದೆ, ನಾರ್ಮಲ್. ಹಾಗಾದ್ರೆ ಇಮ್ಯೂನಿಟಿ ಚೆನ್ನಾಗಿದೆ ಅಂತ ಅಲ್ವಾ?

ಕಣಗಳ ಲೆಕ್ಕ ಸರಿಯಾಗಿದೆ ಅಂತ ಹೇಳಬಹುದು, ಅಷ್ಟೇ. ಟಿಸಿ ಅಂದ್ರೆ ಒಟ್ಟು ಬಿಳಿ ರಕ್ತಕಣಗಳ ಸಂಖ್ಯೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 4,000ದಿಂದ 11,000 ಇದ್ದರೆ ನಾರ್ಮಲ್ ಅನ್ನುತ್ತೇವೆ. ವಯಸ್ಸಾದ ಮೇಲೂ ಈ ಸಂಖ್ಯೆ ಅಷ್ಟಾಗಿ ಇಳಿಯುವುದಿಲ್ಲ. ಇಳಿಯುವುದು ಆ ಕಣಗಳ ಕೆಲಸ.

ಸ್ಲೈಡ್ ಮೇಲೆ ಒಂದು ಹನಿ ರಕ್ತ ತೆಳ್ಳಗೆ ಎಳೆದು, ಬಣ್ಣ ಹಾಕಿ, ಎಣ್ಣೆ ಬಿಟ್ಟು ದೊಡ್ಡ ಲೆನ್ಸಿನಲ್ಲಿ ನೋಡುತ್ತೇವೆ. ನ್ಯೂಟ್ರೋಫಿಲ್ ಅನ್ನುವ ಕಣ ತಿಳಿ ಗುಲಾಬಿ ಮೈ, ಒಳಗೆ ಮೂರು ನಾಲ್ಕು ತುಂಡಾಗಿ ಕಾಣುವ ನೇರಳೆ ಬಣ್ಣದ ಕೇಂದ್ರ. 25ರ ಹುಡುಗನದ್ದೂ ಹಾಗೇ, 80ರ ಅಜ್ಜಿಯದ್ದೂ ಹಾಗೇ. ಹೆಸರು ಮುಚ್ಚಿಟ್ಟು ತೋರಿಸಿದರೆ ಯಾವುದು ಯಾರದ್ದು ಅಂತ ನಾನು ಹೇಳಲಾರೆ. ವ್ಯತ್ಯಾಸ ಇರುವುದು ಅವು ಓಡಾಡುವಾಗ, ಬ್ಯಾಕ್ಟೀರಿಯಾ ಎದುರಾದಾಗ. ಸಾಮಾನ್ಯ ರಕ್ತ ಪರೀಕ್ಷೆಯಲ್ಲಿ ಅದು ಕಾಣುವುದಿಲ್ಲ. ಈ ಪುಟದಲ್ಲಿ ಬೇರೇನು ಮರೆತರೂ ಇದೊಂದು ನೆನಪಿರಲಿ.

ಹುಟ್ಟಿನಿಂದ ಬಂದ ಇಮ್ಯೂನಿಟಿ ಅಂದ್ರೆ ಯಾವುದು?

ನಮ್ಮ ಮೈಯಲ್ಲಿ ಎರಡು ಬಗೆಯ ರಕ್ಷಣೆ ಇದೆ. ಒಂದು ಕಲಿತು ಬರುವುದು. ದಡಾರ ಒಮ್ಮೆ ಬಂದು ಹೋದರೆ ಮತ್ತೆ ಬಾರದಂತೆ ಕಾಯುವುದು ಇದು. ಇನ್ನೊಂದು ಯಾರೂ ಕಲಿಸದೆ ಹುಟ್ಟುವಾಗಲೇ ಬಂದದ್ದು. ಯಾವ ರೋಗಾಣು ಬಂದರೂ ನಿಮಿಷಗಳಲ್ಲಿ, ಗಂಟೆಗಳಲ್ಲಿ ಎದ್ದು ನಿಲ್ಲುತ್ತದೆ. ನ್ಯೂಟ್ರೋಫಿಲ್, ಮೋನೋಸೈಟ್, ಮ್ಯಾಕ್ರೋಫೇಜ್, ಎನ್‌ಕೆ ಕಣ, ಡೆಂಡ್ರಿಟಿಕ್ ಕಣ ಎಲ್ಲ ಈ ಗುಂಪಿನವು.

ಈ ಕಣಗಳು ಶತ್ರುವನ್ನು ನುಂಗುತ್ತವೆ ಅಂತ ತೋರಿಸಿಕೊಟ್ಟವರು ಎಲೀ ಮೆಚ್ನಿಕಾಫ್ ಅನ್ನುವ ವಿಜ್ಞಾನಿ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ, ನಕ್ಷತ್ರ ಮೀನಿನ ಪಾರದರ್ಶಕ ಮರಿಗೆ ಮುಳ್ಳು ಚುಚ್ಚಿ ಬಿಟ್ಟರು. ಬೆಳಗ್ಗೆ ನೋಡಿದರೆ ಮುಳ್ಳಿನ ಸುತ್ತ ಕಣಗಳು ಮುತ್ತಿಕೊಂಡಿದ್ದವು. 1908ರಲ್ಲಿ ಅವರಿಗೂ ಪಾಲ್ ಎರ್ಲಿಚ್ ಅವರಿಗೂ ನೊಬೆಲ್ ಬಂತು. ಮೆಚ್ನಿಕಾಫ್ ಮುಪ್ಪಿನ ಬಗ್ಗೆಯೂ ತುಂಬಾ ತಲೆ ಕೆಡಿಸಿಕೊಂಡಿದ್ದರು, ಮೊಸರು ತಿಂದರೆ ಆಯಸ್ಸು ಹೆಚ್ಚುತ್ತದೆ ಅಂತ ನಂಬಿ ತಾವೂ ತಿನ್ನುತ್ತಿದ್ದರು. ಮೊಸರನ್ನ ಇಲ್ಲದೆ ಊಟ ಮುಗಿಯದ ನಮ್ಮ ಕಡೆಯವರಿಗೆ ಅವರು ಹತ್ತಿರದವರು ಅನ್ನಿಸುತ್ತದೆ.

ನ್ಯೂಟ್ರೋಫಿಲ್‌ಗೆ ವಯಸ್ಸಿನಲ್ಲಿ ನಿಜವಾಗಿ ಏನಾಗುತ್ತದೆ?

ಗದ್ದೆಯಲ್ಲಿ ಬರಿಗಾಲಲ್ಲಿ ಹೋಗುವಾಗ ಕಬ್ಬಿನ ಕೂಳೆ ಚುಚ್ಚಿತು ಅಂದುಕೊಳ್ಳಿ. ಮಣ್ಣಿನ ಜೊತೆ ಬ್ಯಾಕ್ಟೀರಿಯಾ ಒಳಗೆ ಹೋಯಿತು. ಚರ್ಮದ ಕೆಳಗೆ ಮೊದಲೇ ಮನೆ ಮಾಡಿಕೊಂಡಿರುವ ಮ್ಯಾಕ್ರೋಫೇಜ್‌ಗಳು ಅದನ್ನು ಗುರುತಿಸಿ ರಾಸಾಯನಿಕ ಸುಳಿವು ಬಿಡುತ್ತವೆ. ಪಕ್ಕದ ರಕ್ತನಾಳದಲ್ಲಿ ಹರಿಯುತ್ತಿದ್ದ ನ್ಯೂಟ್ರೋಫಿಲ್‌ಗಳು ಆ ಸುಳಿವು ಹಿಡಿದು ನಾಳದ ಗೋಡೆಗೆ ಅಂಟಿಕೊಳ್ಳುತ್ತವೆ. ಸಂದಿಯಲ್ಲಿ ನುಸುಳಿ ಹೊರಗೆ ಬಂದು ಗಾಯದ ಕಡೆ ತೆವಳುತ್ತವೆ. ಸಿಕ್ಕಿದ ಬ್ಯಾಕ್ಟೀರಿಯಾವನ್ನು ನುಂಗಿ, ತೀಕ್ಷ್ಣವಾದ ರಾಸಾಯನಿಕ ಸುರಿದು ಕೊಲ್ಲುತ್ತವೆ. ನುಂಗಲು ಆಗದಿದ್ದರೆ ತಮ್ಮ ಡಿಎನ್‌ಎಯನ್ನೇ ಬಲೆಯಾಗಿ ಎಸೆದು ಹಿಡಿಯುತ್ತವೆ. ಈ ಬಲೆ ಗೊತ್ತಾದದ್ದು 2004ರಲ್ಲಿ. ಕೆಲಸ ಮುಗಿಸಿ ಅಲ್ಲೇ ಸಾಯುತ್ತವೆ. ನಾವು ಕೀವು ಅನ್ನುವುದರಲ್ಲಿ ಬಹುಪಾಲು ಸತ್ತ ನ್ಯೂಟ್ರೋಫಿಲ್‌ಗಳೇ.

70 ದಾಟಿದವರಲ್ಲಿ ಈ ಒಂದೊಂದು ಹೆಜ್ಜೆಯೂ ಸ್ವಲ್ಪ ಸ್ವಲ್ಪ ಸಡಿಲವಾಗುತ್ತದೆ. ನುಂಗುವುದು ಕಡಿಮೆ. ಕೊಲ್ಲುವ ರಾಸಾಯನಿಕ ಕಡಿಮೆ, ಅದರಲ್ಲೂ ಕುರು, ಕೀವಿಗೆ ಕಾರಣವಾಗುವ ಸ್ಟ್ಯಾಫಿಲೋಕಾಕಸ್ ಎದುರಿಗೆ. ಬಲೆ ಎಸೆಯುವುದೂ ಕಡಿಮೆ. ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ದಾರಿ ತಪ್ಪುವುದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಆರೋಗ್ಯವಾಗಿದ್ದ ವೃದ್ಧರ ನ್ಯೂಟ್ರೋಫಿಲ್‌ಗಳನ್ನು ಯುವಕರದ್ದರ ಜೊತೆ ಹೋಲಿಸಿದರು. ವೇಗ ಹಾಗೇ ಇತ್ತು. ನೇರವಾಗಿ ಗುರಿಯತ್ತ ಹೋಗುವುದು ಮಾತ್ರ ತಪ್ಪಿತ್ತು, ಅತ್ತ ಇತ್ತ ಅಲೆಯುತ್ತಿದ್ದವು.

ಇದರಿಂದ ಎರಡು ಕಡೆ ನಷ್ಟ. ನ್ಯೂಟ್ರೋಫಿಲ್ ಮೈಯ ಅಂಗಾಂಶದ ನಡುವೆ ದಾರಿ ಮಾಡಿಕೊಳ್ಳಲು ಎಲಾಸ್ಟೇಸ್‌ನಂಥ ಕಿಣ್ವ ಬಳಸುತ್ತದೆ. ಕಬ್ಬಿನ ಗದ್ದೆಯೊಳಗೆ ಮಚ್ಚು ಹಿಡಿದು ದಾರಿ ತಪ್ಪಿದವನು ಸುತ್ತಿದಷ್ಟೂ ಬೆಳೆ ಹಾಳು, ಅಲ್ವಾ? ಇಲ್ಲೂ ಅಷ್ಟೇ. ಬ್ಯಾಕ್ಟೀರಿಯಾ ಬಳಿ ತಲುಪುವುದು ತಡ, ತಲುಪುವಷ್ಟರಲ್ಲಿ ಒಳ್ಳೆಯ ಮಾಂಸವೂ ಹಾಳು. ನ್ಯುಮೋನಿಯಾ ಆದ ವೃದ್ಧರ ಶ್ವಾಸಕೋಶಕ್ಕೆ ಜಾಸ್ತಿ ಪೆಟ್ಟು ಬೀಳುವುದಕ್ಕೆ ಇದೂ ಒಂದು ಕಾರಣ ಅಂತ ಸಂಶೋಧಕರು ಹೇಳುತ್ತಾರೆ.

ನ್ಯೂಟ್ರೋಫಿಲ್ ಬದುಕುವುದೇ ಒಂದೆರಡು ದಿನ ಅಂತಾರೆ. ಮತ್ತೆ ಅದಕ್ಕೆ ಮುಪ್ಪು ಹೇಗೆ ಬರುತ್ತದೆ?

ತುಂಬಾ ಒಳ್ಳೆಯ ಪ್ರಶ್ನೆ. ಪಾಂಡವಪುರದ ಒಬ್ಬ ನಿವೃತ್ತ ಮೇಷ್ಟ್ರು ಇದನ್ನು ಕೇಳಿದಾಗ ನನಗೆ ಬಹಳ ಸಂತೋಷವಾಯಿತು.

ಕಣ ಹೊಸದು, ನಿಜ. ನಮ್ಮ ಮೂಳೆಯೊಳಗಿನ ಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್ ತಯಾರಿಸುತ್ತದೆ. ಆದರೆ ಅವನ್ನು ಹುಟ್ಟಿಸುವ ಕಾಂಡಕೋಶಗಳಿಗೆ ನಿಮ್ಮಷ್ಟೇ ವಯಸ್ಸು. ವರ್ಷಗಟ್ಟಲೆ ಒಡೆದು ಒಡೆದು ಅವುಗಳ ಡಿಎನ್‌ಎಯಲ್ಲಿ ಸಣ್ಣ ಸಣ್ಣ ಬದಲಾವಣೆ ಸೇರಿಕೊಂಡಿರುತ್ತವೆ. ಕೆಲವೊಮ್ಮೆ ಇಂಥ ಬದಲಾವಣೆ ಇರುವ ಒಂದೇ ಕಾಂಡಕೋಶದ ಸಂತಾನ ಬೆಳೆದು ರಕ್ತದಲ್ಲಿ ದೊಡ್ಡ ಪಾಲು ಹಿಡಿಯುತ್ತದೆ. 70 ದಾಟಿದವರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ಇದು ಇರುತ್ತದೆ ಅಂತ 2014ರಲ್ಲಿ ಗೊತ್ತಾಯಿತು. ಅಂಥವರಿಗೆ ಹೃದಯದ ಕಾಯಿಲೆಯ ಅಪಾಯವೂ ಸ್ವಲ್ಪ ಜಾಸ್ತಿ.

ಇನ್ನೊಂದು ಕಾರಣ, ಹೊಸ ಕಣ ಬಂದು ಇಳಿಯುವ ಜಾಗ. ವಯಸ್ಸಾದ ಮೈಯ ರಕ್ತದಲ್ಲಿ ಉರಿಯೂತದ ಸಂದೇಶಗಳು ಸದಾ ಸ್ವಲ್ಪ ಸ್ವಲ್ಪ ಹರಿದಾಡುತ್ತಿರುತ್ತವೆ. ಎಲ್ಲ ಕಡೆಯಿಂದಲೂ ಸುಳಿವು ಬರುತ್ತಿದ್ದರೆ ಗಾಯದ ಸುಳಿವು ಯಾವುದು ಅಂತ ಕಣಕ್ಕೆ ತಿಳಿಯುವುದು ಕಷ್ಟ.

ಅಜ್ಜಿಯ ಕಾಲಿನ ಗಾಯ ಯಾಕೆ ಬೇಗ ಒಣಗುವುದಿಲ್ಲ?

ಇಲ್ಲಿ ಮ್ಯಾಕ್ರೋಫೇಜ್ ಕಥೆ ಬರುತ್ತದೆ. ಸತ್ತ ನ್ಯೂಟ್ರೋಫಿಲ್‌ಗಳನ್ನು ನುಂಗಿ ಜಾಗ ಚೊಕ್ಕ ಮಾಡುವುದು ಇವು. ಚೊಕ್ಕ ಮಾಡಿದ ಮೇಲೆ ತಮ್ಮ ಸ್ವಭಾವವನ್ನೇ ಬದಲಿಸಿಕೊಂಡು, ಹೊಸ ಚರ್ಮ, ಹೊಸ ರಕ್ತನಾಳ ಬೆಳೆಯಲು ಸೂಚನೆ ಕೊಡುತ್ತವೆ. ವಯಸ್ಸಾದಾಗ ಈ ಚೊಕ್ಕ ಮಾಡುವ ಕೆಲಸ ನಿಧಾನ. ಉರಿ ಆರಿಸಿ ಕಟ್ಟುವ ಕೆಲಸಕ್ಕೆ ಹೊರಳುವುದೂ ನಿಧಾನ. ಗಾಯ ಹಸಿಯಾಗಿಯೇ ಉಳಿಯುತ್ತದೆ. ಸಕ್ಕರೆ ಕಾಯಿಲೆ, ಕಾಲಿಗೆ ರಕ್ತ ಸರಿಯಾಗಿ ಹರಿಯದಿರುವುದು ಸೇರಿದರೆ ಕಷ್ಟ ದುಪ್ಪಟ್ಟು.

ಗದ್ದೆ ಕೆಲಸ ಬಿಡದ ಹಿರಿಯರು ಮಂಡ್ಯದ ಕಡೆ ಬೇಕಾದಷ್ಟು ಜನ ಇದ್ದಾರೆ. ದಯವಿಟ್ಟು ಅವರಿಗೆ ಬೂಟು ಕೊಡಿಸಿ. ಕೆಸರಿನಲ್ಲಿ ಇಲಿ ಜ್ವರದ ಬ್ಯಾಕ್ಟೀರಿಯಾವೂ ಇರುತ್ತದೆ, ಅದಕ್ಕೆ ಸಣ್ಣ ಬಿರುಕು ಸಾಕು. ಗಾಯಕ್ಕೆ ಸುಣ್ಣ, ಕಾಫಿ ಪುಡಿ, ಬೀಡಿ ಬೂದಿ ಹಚ್ಚಬೇಡಿ. ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು, ಶುಚಿಯಾದ ಬಟ್ಟೆ ಕಟ್ಟಿ, ಟಿಟಿ ಇಂಜೆಕ್ಷನ್ ಹಾಕಿಸಿ ಎಷ್ಟು ವರ್ಷ ಆಯಿತು ಅಂತ ಕೇಳಿ. ಎರಡು ದಿನದಲ್ಲಿ ಸುತ್ತಲಿನ ಕೆಂಪು ಹರಡಿದರೆ ಆಸ್ಪತ್ರೆಗೆ ಹೊರಡಿ.

ಎನ್‌ಕೆ ಕಣ, ಡೆಂಡ್ರಿಟಿಕ್ ಕಣ ಅಂದಿರಲ್ಲ, ಅವುಗಳ ಕಥೆ?

ಎನ್‌ಕೆ ಕಣಗಳು ವೈರಸ್ ಹೊಕ್ಕ ಜೀವಕೋಶಗಳನ್ನೂ ಕ್ಯಾನ್ಸರ್ ಕಡೆ ತಿರುಗಿದ ಜೀವಕೋಶಗಳನ್ನೂ ಹುಡುಕಿ ಕೊಲ್ಲುತ್ತವೆ. ವಯಸ್ಸಾದಂತೆ ಇವುಗಳ ಸಂಖ್ಯೆ ಹೆಚ್ಚುತ್ತದೆ, ಆದರೆ ಒಂದೊಂದು ಕಣದ ಕೊಲ್ಲುವ ಶಕ್ತಿ ಇಳಿಯುತ್ತದೆ. ಇಲ್ಲೂ ಲೆಕ್ಕ ನಂಬಿದರೆ ಮೋಸ ಹೋಗುತ್ತೇವೆ.

ಡೆಂಡ್ರಿಟಿಕ್ ಕಣಗಳಲ್ಲಿ ಒಂದು ಜಾತಿ ವೈರಸ್ ಕಂಡ ಕೂಡಲೇ ಅದನ್ನು ತಡೆಯುವ ಪ್ರೋಟೀನ್ ಆದ ಇಂಟರ್‌ಫೆರಾನ್ ಸುರಿಸುತ್ತದೆ. ವೃದ್ಧರಲ್ಲಿ ಅದು ಕಡಿಮೆ. ಕೋವಿಡ್ ಕಾಲದಲ್ಲಿ ಇನ್ನೊಂದು ವಿಷಯ ಬಯಲಾಯಿತು. 70 ದಾಟಿದ ನೂರು ಮಂದಿಯಲ್ಲಿ ಸುಮಾರು ನಾಲ್ವರ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನ್ ಕೆಲಸವನ್ನು ತಡೆಯುವ ಪ್ರತಿಕಾಯಗಳು ಇರುತ್ತವೆ. ಕೋವಿಡ್‌ನಿಂದ ತೀರಿಕೊಂಡವರಲ್ಲಿ ಐವರಲ್ಲಿ ಒಬ್ಬರಿಗೆ ಇವು ಇದ್ದವು.

ಒಂದು ಕಡೆ ಶಕ್ತಿ ಕಡಿಮೆ ಅಂತೀರಿ, ರಿಪೋರ್ಟಿನಲ್ಲಿ ಸಿಆರ್‌ಪಿ ಜಾಸ್ತಿ ಅಂತ ಬಂದಿದೆ. ಅದು ಹೇಗೆ?

ಸಿಆರ್‌ಪಿ ಅಂದ್ರೆ ಮೈಯಲ್ಲಿ ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನ್. ಎರಡೂ ಒಟ್ಟಿಗೇ ಇರುತ್ತವೆ. ಬೇಕಾದಾಗ ಜೋರಾಗಿ ಏಳುವ ಶಕ್ತಿ ಕುಗ್ಗುತ್ತದೆ, ಬೇಡದಾಗಲೂ ಸಣ್ಣ ಉರಿ ಒಳಗೊಳಗೇ ಉರಿಯುತ್ತಿರುತ್ತದೆ. ಇಟಲಿಯ ವಿಜ್ಞಾನಿ ಕ್ಲಾಡಿಯೊ ಫ್ರಾನ್ಸೆಸ್ಕಿ 2000ದಲ್ಲಿ ಇದನ್ನು ಮುಪ್ಪಿನ ಒಂದು ಲಕ್ಷಣ ಅಂತ ಗುರುತಿಸಿ ಹೆಸರಿಟ್ಟರು. ಹೊಟ್ಟೆಯ ಸುತ್ತಲ ಕೊಬ್ಬು, ಮುಪ್ಪಾಗಿಯೂ ಸಾಯದೆ ಉಳಿದ ಜೀವಕೋಶಗಳು, ವಸಡಿನ ಸೋಂಕು ಎಲ್ಲ ಇದಕ್ಕೆ ಇಂಧನ. ಆದರೆ ಸಿಆರ್‌ಪಿ ತುಂಬಾ ಏರಿದ್ದರೆ ವಯಸ್ಸಿನ ಮೇಲೆ ಹಾಕಿ ಕೂರಬೇಡಿ. ಕಾರಣ ಹುಡುಕಲೇಬೇಕು.

ನಮ್ಮ ಮಾವನಿಗೆ ಜ್ವರವೇ ಇರಲಿಲ್ಲ, ಟಿಸಿನೂ ನಾರ್ಮಲ್. ಆದ್ರೂ ನ್ಯುಮೋನಿಯಾ ಅಂದ್ರು. ಸಾಧ್ಯವಾ?

ಸಾಧ್ಯ. ನಾನು ಈ ಪುಟ ಬರೆಯಲು ಕೂತದ್ದೇ ಈ ಪ್ರಶ್ನೆಗಾಗಿ.

ಜ್ವರ ತಾನಾಗಿ ಬರುವುದಿಲ್ಲ. ಮ್ಯಾಕ್ರೋಫೇಜ್, ಮೋನೋಸೈಟ್‌ಗಳು ರೋಗಾಣು ಕಂಡು ಬಿಡುವ ರಾಸಾಯನಿಕಗಳು ಮಿದುಳಿಗೆ ಮುಟ್ಟಿ, ಮಿದುಳು ಮೈ ಬಿಸಿ ಏರಿಸಬೇಕು. ಆ ಕಣಗಳೇ ಮಂದವಾದರೆ ಸುದ್ದಿಯೂ ಮಂದ. ಮೈ ಬಿಸಿ ಮಾಡಿಕೊಳ್ಳುವ ತಾಕತ್ತೂ ವಯಸ್ಸಾದವರಲ್ಲಿ ಕಡಿಮೆ. ಗಂಭೀರ ಸೋಂಕಿರುವ ವೃದ್ಧರಲ್ಲಿ ನೂರಕ್ಕೆ 20ರಿಂದ 30 ಮಂದಿಗೆ ಜ್ವರ ಬರುವುದೇ ಇಲ್ಲ, ಬಂದರೂ ಅಲ್ಪ. ಅವರ ಮಾಮೂಲಿ ಉಷ್ಣತೆಯೇ 97 ಡಿಗ್ರಿ ಫ್ಯಾರನ್‌ಹೀಟ್ ಇರಬಹುದು. ಅಂಥವರಿಗೆ 99 ಅಂದರೆ ಅದು ಜ್ವರವೇ. ಹಾಗಾಗಿ ಚೆನ್ನಾಗಿರುವಾಗಲೇ ಒಂದೆರಡು ಬೆಳಗ್ಗೆ ಥರ್ಮಾಮೀಟರ್ ಇಟ್ಟು ನೋಡಿ ಕ್ಯಾಲೆಂಡರ್ ಮೇಲೆ ಬರೆದಿಡಿ. ಅದಕ್ಕಿಂತ ಎರಡು ಡಿಗ್ರಿ ಏರಿದರೆ, ಅಥವಾ ಬಾಯಲ್ಲಿ 100 ದಾಟಿದರೆ ಡಾಕ್ಟರ್ ಹತ್ತಿರ ಹೋಗಬೇಕು.

ಟಿಸಿ ಏರದಿದ್ದಾಗ ನಾವು ಲ್ಯಾಬಿನವರು ಸ್ಲೈಡಿನಲ್ಲಿ ಎಳೆ ನ್ಯೂಟ್ರೋಫಿಲ್‌ಗಳನ್ನು ಹುಡುಕುತ್ತೇವೆ. ಕೇಂದ್ರ ಇನ್ನೂ ತುಂಡಾಗದೆ ಬಾಗಿದ ಪಟ್ಟಿಯ ಹಾಗೆ ಇರುತ್ತದೆ. ಅವು ಜಾಸ್ತಿ ಕಂಡರೆ ಮಜ್ಜೆ ಅವಸರದಲ್ಲಿ ಎಳೆಯವನ್ನೇ ಕಳಿಸುತ್ತಿದೆ ಅಂತ ಅರ್ಥ. ಒಟ್ಟು ಲೆಕ್ಕ ನಾರ್ಮಲ್ ಇದ್ದರೂ ಸೋಂಕಿನ ಅನುಮಾನ ಬರಬೇಕು. ಡಾಕ್ಟರ್ ಬರೀ ಟಿಸಿ ಬದಲು ಸ್ಮಿಯರ್, ಅಂದ್ರೆ ಸ್ಲೈಡ್, ನೋಡಲು ಬರೆದರೆ ಸುಮ್ನೆ ಖರ್ಚು ಅಂದುಕೊಳ್ಳಬೇಡಿ.

ಮನೆಯವರು ನೋಡಬೇಕಾದ್ದು ಬೇರೆ. ದಿನಾ ಒಂದು ಮುದ್ದೆ ಉಣ್ಣುವವರು ಎರಡು ತುತ್ತಿಗೆ ತಟ್ಟೆ ತಳ್ಳಿದರು. ಮೊನ್ನೆವರೆಗೆ ಚೆನ್ನಾಗಿ ಮಾತಾಡುತ್ತಿದ್ದವರು ಮೊಮ್ಮಗನನ್ನು ಬೇರೆ ಹೆಸರಲ್ಲಿ ಕರೆದರು. ಬಚ್ಚಲಲ್ಲಿ ಬಿದ್ದರು. ಹಗಲೆಲ್ಲ ಮಂಪರು. ಉಸಿರು ನಿಮಿಷಕ್ಕೆ 25 ಅಥವಾ ಅದಕ್ಕಿಂತ ಹೆಚ್ಚು. ಇವು ವೃದ್ಧರಲ್ಲಿ ಸೋಂಕಿನ ಮೊದಲ ಗುರುತುಗಳಾಗಿರಬಹುದು, ಉಚ್ಚೆಯ ಸೋಂಕೋ ಶ್ವಾಸಕೋಶದ್ದೋ. ನಮ್ಮಲ್ಲಿ ಅರವತ್ತಕ್ಕೆ ಅರಳು ಮರಳು ಅಂದುಬಿಡುವ ರೂಢಿ ಇದೆ. ಅರಳು ಮರಳು ವರ್ಷಗಳಲ್ಲಿ ನಿಧಾನವಾಗಿ ಬರುವುದು. ಎರಡು ದಿನದಲ್ಲಿ ಬಂದದ್ದು ಕಾಯಿಲೆ. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್, ಹತ್ತಿರದ ತಾಲ್ಲೂಕು ಆಸ್ಪತ್ರೆ, ಎಲ್ಲಿಗಾದರೂ ಸರಿ, ಅದೇ ದಿನ ಕರೆದುಕೊಂಡು ಹೋಗಿ.

ಸಕ್ಕರೆ ಕಾಯಿಲೆ ಇದ್ದರೆ?

ರಕ್ತದಲ್ಲಿ ಸಕ್ಕರೆ ಏರಿದಷ್ಟೂ ನ್ಯೂಟ್ರೋಫಿಲ್ ಮಂಕಾಗುತ್ತದೆ. ವಯಸ್ಸಿನ ಮಂಕಿನ ಮೇಲೆ ಇದೊಂದು. ವಯಸ್ಸನ್ನು ಇಳಿಸಲಾಗದು, ಸಕ್ಕರೆಯನ್ನು ಇಳಿಸಬಹುದು.

ಮಂಡಿ ನೋವಿಗೆ, ದಮ್ಮಿಗೆ ಅಂತ ಚೀಟಿ ಇಲ್ಲದೆ ಸ್ಟೀರಾಯ್ಡ್ ಮಾತ್ರೆ ನುಂಗುವವರೂ ಇದ್ದಾರೆ. ಅದು ಸಕ್ಕರೆ ಏರಿಸುತ್ತದೆ, ಈ ಕಣಗಳ ಕೈ ಕಟ್ಟುತ್ತದೆ. ಮೇಲಾಗಿ ರಕ್ತನಾಳದ ಗೋಡೆಗೆ ಅಂಟಿದ್ದ ನ್ಯೂಟ್ರೋಫಿಲ್‌ಗಳನ್ನು ಬಿಡಿಸಿ ರಕ್ತಕ್ಕೆ ತಳ್ಳುವುದರಿಂದ ಟಿಸಿ ಸುಳ್ಳು ಏರಿಕೆ ತೋರಿಸುತ್ತದೆ. ರಕ್ತ ಕೊಡುವಾಗ ಯಾವ ಮಾತ್ರೆ ತಗೊಳ್ತಿದ್ದೀರಿ ಅಂತ ಮುಚ್ಚಿಡದೆ ಹೇಳಿ. ತುಂಬಾ ದಿನದಿಂದ ನುಂಗುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಅದೂ ಅಪಾಯ. ಡಾಕ್ಟರ್ ಕೇಳಿ ಇಳಿಸಬೇಕು.

ಕಷಾಯ, ಅಮೃತಬಳ್ಳಿ, ಇಮ್ಯೂನಿಟಿ ಪುಡಿ?

ಮೆಣಸು ಜೀರಿಗೆ ಕಷಾಯ ಗಂಟಲಿಗೆ ಹಿತ, ಕುಡಿಯಲಿ. ಅದರಿಂದ ನ್ಯೂಟ್ರೋಫಿಲ್ ಸರಿ ದಾರಿಗೆ ಬರುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಅಮೃತಬಳ್ಳಿಯನ್ನು ದಿನಾ ಕುಡಿದ ಕೆಲವರಿಗೆ ಲಿವರ್‌ಗೆ ಪೆಟ್ಟಾದ ವರದಿಗಳು 2021ರಲ್ಲಿ ಮುಂಬೈನಿಂದ ಬಂದಿವೆ. ಹಿರಿಯರ ಲಿವರ್ ಮೊದಲೇ ನಾಲ್ಕಾರು ಮಾತ್ರೆ ನಿಭಾಯಿಸುತ್ತಿರುತ್ತದೆ. ನನ್ನ ಕೇಳಿದರೆ, ಡಬ್ಬಿ ಪುಡಿಗೆ ಕೊಡುವ ದುಡ್ಡಿನಲ್ಲಿ ಮೊಟ್ಟೆ, ಕಾಳು ತನ್ನಿ.

ಊಟ ಹೇಗಿರಬೇಕು?

ಹಲ್ಲು ಹೋಯಿತು ಅಂತ ಅನ್ನ, ತಿಳಿಸಾರು, ಮಜ್ಜಿಗೆಯಲ್ಲಿ ದಿನ ತಳ್ಳುವ ಅಜ್ಜಿಯರು ಎಷ್ಟೋ ಮನೆಗಳಲ್ಲಿದ್ದಾರೆ. ಅದರಲ್ಲಿ ಪ್ರೋಟೀನ್ ಸಾಲದು. ಬಿಳಿ ಕಣ ಕಟ್ಟುವುದು ಪ್ರೋಟೀನಿನಿಂದ. ವಯಸ್ಸಾದವರಿಗೆ ಮೈ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕು ಅಂತ ತಜ್ಞರ ಸಲಹೆ. 50 ಕಿಲೋ ತೂಗುವ ಅಜ್ಜಿಗೆ 50ರಿಂದ 60 ಗ್ರಾಂ. 100 ಗ್ರಾಂ ರಾಗಿಯಲ್ಲಿ ಸುಮಾರು 7 ಗ್ರಾಂ, ಅಷ್ಟೇ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ, ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಮುದ್ದೆ ಜೊತೆ ತಿಳಿಸಾರಿನ ಬದಲು ಕಾಳಿನ ಸಾರು ಗಟ್ಟಿಯಾಗಿ ಮಾಡಿ, ಬೆಂದ ಕಾಳು ನುರಿದು ಹಾಕಿ. ಹಿತಕಿದ ಅವರೆಬೇಳೆಯಾದರೆ ಹಲ್ಲಿಲ್ಲದವರಿಗೂ ಸುಲಭ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರ್ ಹೇಳಿದಷ್ಟೇ ತಿನ್ನಬೇಕು.

ಮಾಂಸ, ಮೊಟ್ಟೆ ಮುಟ್ಟದವರಿಗೂ ಸಕ್ಕರೆಗೆ ಮೆಟ್‌ಫಾರ್ಮಿನ್ ನುಂಗುವವರಿಗೂ ಬಿ12 ಕಡಿಮೆಯಾಗುವುದು ಸಾಮಾನ್ಯ. ಅದು ಸ್ಲೈಡಿನಲ್ಲೇ ಕಾಣುತ್ತದೆ. ನ್ಯೂಟ್ರೋಫಿಲ್ ಕೇಂದ್ರ ಐದಾರು ತುಂಡಾಗಿರುತ್ತದೆ, ಕಣಗಳ ಸಂಖ್ಯೆಯೂ ಇಳಿಯಬಹುದು. ಇದು ಇಂಜೆಕ್ಷನ್ ಅಥವಾ ಮಾತ್ರೆಯಿಂದ ಸರಿಹೋಗುವಂಥದ್ದು, ಹಾಗಾಗಿ ಒಮ್ಮೆ ಪರೀಕ್ಷೆ ಮಾಡಿಸಿ.

ವಾಕಿಂಗ್‌ನಿಂದ ಈ ಕಣಗಳಿಗೆ ಉಪಯೋಗ ಇದೆಯಾ?

ಇದೆ. ಬರ್ಮಿಂಗ್‌ಹ್ಯಾಮ್‌ನವರೇ ಮುಂದೆ ನೋಡಿದಾಗ, ದಿನಾ ಹೆಚ್ಚು ಓಡಾಡುವ ವೃದ್ಧರ ನ್ಯೂಟ್ರೋಫಿಲ್‌ಗಳು ಗುರಿಯತ್ತ ಹೆಚ್ಚು ಚೆನ್ನಾಗಿ ಹೋಗುತ್ತಿದ್ದವು. ಕುಕ್ಕರಹಳ್ಳಿ ಕೆರೆ ಏರಿ ಇರಲಿ, ಮಂಡ್ಯದ ಕಡೆ ನಾಲೆ ಏರಿ ಇರಲಿ, ಬೆಳಗ್ಗೆ ಅರ್ಧ ಗಂಟೆ ನಡೆಯಲಿ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಲೇಬೇಕು ಅಂತೇನಿಲ್ಲ. ಆಗದವರು ಕುರ್ಚಿಯಿಂದ ಎದ್ದು ಕೂತು ಎದ್ದು ಕೂತು ಮಾಡಿದರೂ ಮೇಲು. ಬೀಡಿ, ಸಿಗರೇಟು ಸೇದಿಕೊಂಡು ನಡೆದರೆ ಶ್ವಾಸಕೋಶದ ಮ್ಯಾಕ್ರೋಫೇಜ್‌ಗೆ ಹೊರೆ ಹೊರಿಸಿದ ಹಾಗೆ.

ಯಾವ ಲಸಿಕೆ ಹಾಕಿಸಬೇಕು?

ಫ್ಲೂ ಲಸಿಕೆ ಪ್ರತಿ ವರ್ಷ. ನಮ್ಮಲ್ಲಿ ಮಳೆಗಾಲದಲ್ಲಿ ಫ್ಲೂ ಏರುವುದರಿಂದ ಏಪ್ರಿಲ್, ಮೇ ಒಳ್ಳೆಯ ಸಮಯ. ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾದ ಲಸಿಕೆಯಲ್ಲಿ ಒಂದಕ್ಕಿಂತ ಹೆಚ್ಚು ಬಗೆ ಇವೆ, ಯಾವುದು ಅಂತ ಡಾಕ್ಟರ್ ಹೇಳುತ್ತಾರೆ.

ಸರ್ಪಸುತ್ತಿಗೆ ಶಿಂಗ್ರಿಕ್ಸ್ ಅನ್ನುವ ಲಸಿಕೆ 2023ರಿಂದ ಭಾರತದಲ್ಲೂ ಸಿಗುತ್ತಿದೆ. 50 ದಾಟಿದವರಿಗೆ, ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಡೋಸ್. ಬೆಲೆ ಜಾಸ್ತಿ, ನಿಜ. ಆದರೆ ಇದರಲ್ಲಿ ಒಂದು ವಿಶೇಷ ಇದೆ. ಲಸಿಕೆಯ ಜೊತೆ ಸೇರಿಸಿರುವ ಒಂದು ಪದಾರ್ಥ ಈ ಹುಟ್ಟು ಇಮ್ಯೂನಿಟಿಯ ಕಣಗಳನ್ನೇ ತಟ್ಟಿ ಎಬ್ಬಿಸುತ್ತದೆ. ಮುಪ್ಪಿನಿಂದ ಮಂಕಾದ ಕಣಗಳೂ ಏಳುತ್ತವೆ. ದೊಡ್ಡ ಪ್ರಯೋಗಗಳಲ್ಲಿ 70 ದಾಟಿದವರಲ್ಲೂ ಸುಮಾರು ಶೇಕಡಾ 90ರಷ್ಟು ರಕ್ಷಣೆ ಸಿಕ್ಕಿತು. ಸರ್ಪಸುತ್ತು ವಾಸಿಯಾದ ಮೇಲೂ ತಿಂಗಳುಗಟ್ಟಲೆ ಉರಿ ಅನುಭವಿಸಿದವರನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

ಹಲ್ಲಿಗೂ ಇದಕ್ಕೂ ಸಂಬಂಧ ಇದೆಯಾ?

ಇದೆ. ವಸಡಿನ ಸೋಂಕನ್ನು ತಡೆಯುವುದು ನ್ಯೂಟ್ರೋಫಿಲ್. ಬಾಯಿಯ ಬ್ಯಾಕ್ಟೀರಿಯಾ ಎಂಜಲಿನ ಜೊತೆ ಶ್ವಾಸಕೋಶಕ್ಕೆ ಜಾರಿ ನ್ಯುಮೋನಿಯಾ ಆಗುತ್ತದೆ. ಹಾಸಿಗೆ ಹಿಡಿದವರ ಬಾಯನ್ನು ದಿನಾ ಶುಚಿ ಮಾಡಿ. ಕಟ್ಟಿಸಿದ ಹಲ್ಲಿದ್ದರೆ ರಾತ್ರಿ ತೆಗೆದು ತೊಳೆದು ನೀರಿನಲ್ಲಿಡಿ.

ಈ ಕಣಗಳನ್ನು ಮತ್ತೆ ಯೌವನಕ್ಕೆ ತರುವ ಔಷಧಿ ಬರುತ್ತದಾ?

ಪ್ರಯತ್ನ ನಡೆಯುತ್ತಿದೆ. ದಾರಿ ತಪ್ಪಿದ ನ್ಯೂಟ್ರೋಫಿಲ್‌ಗಳೊಳಗೆ ಪಿಐ3ಕೆ ಅನ್ನುವ ಕಿಣ್ವ ಅತಿಯಾಗಿ ಚುರುಕಾಗಿರುತ್ತದೆ. ಲ್ಯಾಬಿನಲ್ಲಿ ಅದನ್ನು ತಡೆದಾಗ ಅವು ಮತ್ತೆ ನೇರ ನಡೆದವು. ಕೊಲೆಸ್ಟರಾಲ್‌ಗೆ ಕೊಡುವ ಸಿಂವಾಸ್ಟಾಟಿನ್‌ನಿಂದಲೂ ವೃದ್ಧರ ನ್ಯೂಟ್ರೋಫಿಲ್ ಸುಧಾರಿಸಿದ್ದು ಸಣ್ಣ ಪ್ರಯೋಗಗಳಲ್ಲಿ ಕಂಡಿದೆ. ಇಮ್ಯೂನಿಟಿಗೆ ಅಂತ ಇವನ್ನು ತೆಗೆದುಕೊಳ್ಳುವ ಹಂತಕ್ಕೆ ಇನ್ನೂ ಬಂದಿಲ್ಲ. ಆದರೆ ಕೆಟ್ಟದ್ದು ಸರಿಹೋಗಬಲ್ಲದು ಅಂತ ಗೊತ್ತಾಗಿದೆಯಲ್ಲ, ನನಗೆ ಅದೇ ಭರವಸೆ.

ನಾನು ಬೆಂಗಳೂರಲ್ಲಿದ್ದೀನಿ, ಅಮ್ಮ ಮೈಸೂರಲ್ಲಿ ಒಬ್ಬರೇ. ಫೋನಿನಲ್ಲಿ ಏನು ಕೇಳಲಿ?

ಹೇಗಿದ್ದೀಯಮ್ಮ ಅಂದರೆ ಚೆನ್ನಾಗಿದ್ದೀನಿ ಕಣೋ ಅಂತಲೇ ಉತ್ತರ ಬರುತ್ತದೆ. ಬೇರೆ ಥರ ಕೇಳಿ. ಬೆಳಗ್ಗೆ ಏನು ತಿಂದೆ, ಎಷ್ಟು ತಿಂದೆ? ರಾತ್ರಿ ಎಷ್ಟು ಸಲ ಉಚ್ಚೆಗೆ ಎದ್ದೆ, ಉರಿ ಇತ್ತಾ? ಪಾರ್ಕಿಗೆ ಹೋಗಿದ್ಯಾ, ಯಾರು ಸಿಕ್ಕಿದ್ರು? ಮಾತಿನ ನಡುವೆ ಉಸಿರು ಎಳೆದುಕೊಳ್ಳುವುದು ಕೇಳಿಸುತ್ತದಾ ಅಂತ ಗಮನ ಕೊಡಿ. ಉತ್ತರ ಗೊಂದಲವಾಗಿದ್ದರೆ, ನಿನ್ನೆಗಿಂತ ದನಿ ಸಣ್ಣಗಿದ್ದರೆ, ಪಕ್ಕದ ಮನೆಯವರಿಗೆ ಫೋನ್ ಮಾಡಿ ಹೋಗಿ ನೋಡಲು ಹೇಳಿ. ಅವರ ಹತ್ತಿರ ಮನೆಯ ಇನ್ನೊಂದು ಕೀ ಇರಲಿ. ಆಕ್ಸಿಮೀಟರ್ ಇದ್ದರೆ ಬೆರಳಿಗಿಟ್ಟು ನೋಡಲಿ, 94ಕ್ಕಿಂತ ಕೆಳಗಿದ್ದರೆ ಆಸ್ಪತ್ರೆಗೆ ಹೋಗಬೇಕು. ಮಂಪರಿನಲ್ಲಿದ್ದರೆ, ಏದುಸಿರು ಬಿಡುತ್ತಿದ್ದರೆ ನೀವು ಬರುವವರೆಗೆ ಕಾಯುವುದು ಬೇಡ. 108ಕ್ಕೆ ಫೋನ್ ಮಾಡಿಸಿ, ಆಮೇಲೆ ಬಸ್ ಹತ್ತಿ.